ಅನುಭವಿಸಿಕೊಂಡು ಹೋಗತಕ್ಕದ್ದು: ಉಯಿಲಿನ ಮಾತನ್ನು ಕೋರ್ಟು ಓದುವ ಬಗೆ

"ನನ್ನ ಕಾಲಾನಂತರ ಸದರಿ ಗದ್ದೆಯನ್ನು ನನ್ನ ಹೆಂಡತಿ ಜಯಮ್ಮನು ಅನುಭವಿಸಿಕೊಂಡು ಹೋಗತಕ್ಕದ್ದು."

ನಮ್ಮ ಮಂಡ್ಯ, ಮೈಸೂರು ಸೀಮೆಯ ಹಳೇ ಉಯಿಲುಗಳನ್ನು ಬಿಡಿಸಿದರೆ ಇಂಥ ಸಾಲು ಕಣ್ಣಿಗೆ ಬೀಳುತ್ತದೆ. ಬರೆಸಿದವರಿಗೆ ಇದರ ಅರ್ಥ ಗೊತ್ತಿತ್ತು. ಬರೆದುಕೊಟ್ಟವರಿಗೂ ಗೊತ್ತಿತ್ತು. ಆದರೆ ಬರೆಸಿದವರು ತೀರಿಕೊಂಡು, ತಿಥಿ ಮುಗಿದು, ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕುವ ಹೊತ್ತಿಗೆ ಒಂದೇ ಸಾಲಿಗೆ ಎರಡು ಅರ್ಥ ಹುಟ್ಟಿಕೊಂಡಿರುತ್ತವೆ. "ಗದ್ದೆ ನನಗೆ ಬರೆದವ್ರೆ" ಅನ್ನುತ್ತಾರೆ ತಾಯಿ. "ಬೆಳೆ ಉಣ್ಣೋಕೆ ಬರೆದವ್ರೆ, ಮಾರೋಕಲ್ಲ" ಅನ್ನುತ್ತಾನೆ ಮಗ. ಸರಿ ಯಾವುದು ಅಂತ ಹೇಳಬೇಕಾದವರು ಮಾತ್ರ ಇಲ್ಲ.

ಉಯಿಲಿನ ವ್ಯಾಜ್ಯ ಬೇರೆ ವ್ಯಾಜ್ಯಗಳ ಹಾಗಲ್ಲ ಅನ್ನುವುದು ಇದಕ್ಕೇ. ಕ್ರಯಪತ್ರದ ಜಗಳದಲ್ಲಿ ಮಾರಿದವರನ್ನು ಸಾಕ್ಷಿ ಕಟ್ಟೆ ಹತ್ತಿಸಿ ಕೇಳಬಹುದು. ಇಲ್ಲಿ ಕೈಯಲ್ಲಿರುವುದು ಹಾಳೆ ಮಾತ್ರ. ಆ ಹಾಳೆಯನ್ನು ಕೋರ್ಟು ಹೇಗೆ ಓದುತ್ತದೆ, ಎಲ್ಲಿ ಅಕ್ಷರವನ್ನು ಬಿಗಿಯಾಗಿ ಹಿಡಿಯುತ್ತದೆ, ಎಲ್ಲಿ ತಪ್ಪನ್ನು ಮನ್ನಿಸುತ್ತದೆ ಅನ್ನುವುದಕ್ಕೆ ನಿಯಮಗಳಿವೆ. ಹೆಚ್ಚಿನವು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲೇ ಇವೆ, 74ನೇ ಕಲಮಿನಿಂದ ಮುಂದಕ್ಕೆ. ಓದಲು ಕಷ್ಟವಾದ ಕಾನೂನೇನಲ್ಲ. ನಮ್ಮ ಹಳ್ಳಿಯ ಯಜಮಾನರು ಪಂಚಾಯ್ತಿಗೆ ಕೂತರೆ ಹೇಳುವಂಥ ಮಾತುಗಳೇ ಜಾಸ್ತಿ.

ಮಾತಿಗೆ ಒಂದು ಉಯಿಲು ಇಟ್ಟುಕೊಳ್ಳೋಣ. ಹೆಸರು, ನಂಬರು ಎಲ್ಲ ನಾನು ಕಟ್ಟಿದ್ದು. ಪಾಂಡವಪುರದ ಹತ್ತಿರದ ಹಳ್ಳಿ. ನಿಂಗೇಗೌಡರು ಅಂತ ಒಬ್ಬರು. ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ 1 ಎಕರೆ 20 ಗುಂಟೆ ಗದ್ದೆ. ಮೈಸೂರಿನ ಕುವೆಂಪುನಗರದಲ್ಲಿ 30-40ರ ಸೈಟಿನಲ್ಲಿ ಕಟ್ಟಿದ ಮನೆ. ಹೆಂಡತಿ ಜಯಮ್ಮ, ಗಂಡುಮಕ್ಕಳು ಶಿವಣ್ಣ ಮತ್ತು ಮಹೇಶ, ಮದುವೆಯಾಗಿ ಮದ್ದೂರಿಗೆ ಹೋಗಿರುವ ಮಗಳು ಸವಿತಾ. ಉಯಿಲಿನಲ್ಲಿ ಹೀಗಿದೆ: ಗದ್ದೆಯನ್ನು ಜಯಮ್ಮ ಅನುಭವಿಸಿಕೊಂಡು ಹೋಗತಕ್ಕದ್ದು, ಆಕೆಯ ನಂತರ ಇಬ್ಬರು ಗಂಡುಮಕ್ಕಳಿಗೆ ಸಮನಾಗಿ ಸೇರತಕ್ಕದ್ದು. ಮೈಸೂರಿನ ಮನೆ ಶಿವಣ್ಣನಿಗೆ. ಮಗಳಿಗೆ ಮದುವೆ ಮಾಡಿ ಕೊಟ್ಟಿರುವುದರಿಂದ ಪಾಲು ಇರುವುದಿಲ್ಲ. ಕೊನೇ ಪುಟದಲ್ಲಿ ಇನ್ನೊಂದು ಸಾಲು: ಮೈಸೂರಿನ ಮನೆಯನ್ನು ಮಾರಿ ಬಂದ ಹಣವನ್ನು ಇಬ್ಬರು ಗಂಡುಮಕ್ಕಳೂ ಹಂಚಿಕೊಳ್ಳತಕ್ಕದ್ದು. ಷೆಡ್ಯೂಲಿನಲ್ಲಿ, ಅಂದರೆ ಉಯಿಲಿನ ಆಸ್ತಿ ವಿವರದ ಪಟ್ಟಿಯಲ್ಲಿ, ಗದ್ದೆಯ ಸರ್ವೆ ನಂಬರ್ 112 ಅಂತಿದೆ. ಪಹಣಿ ತೆಗೆಸಿದರೆ 121.

ಒಂದೇ ಹಾಳೆಯಲ್ಲಿ ನಾಲ್ಕು ಜಗಳ.

ಓದುವ ಮೊದಲು ಕೋರ್ಟು ಕೇಳುವ ಪ್ರಶ್ನೆ ಬೇರೆ: ಇದು ನಿಂಗೇಗೌಡರದ್ದೇ ಉಯಿಲಾ? ಎಷ್ಟೋ ಕೇಸುಗಳು ಇಲ್ಲೇ ಮುಗಿದುಹೋಗುತ್ತವೆ. ಬರೆಸಿದವರು ಸಹಿ ಅಥವಾ ಹೆಬ್ಬೆಟ್ಟು ಹಾಕಿರಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಅಂತ ಅವರ ಬಾಯಲ್ಲೇ ಕೇಳಿರಬೇಕು. ಆಮೇಲೆ ಅವರ ಎದುರಿಗೇ ತಾವೂ ಸಹಿ ಹಾಕಿರಬೇಕು. 63ನೇ ಕಲಮು ಹೇಳುವುದು ಇಷ್ಟು. ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಇಬ್ಬರೂ ತೀರಿಹೋಗಿದ್ದರೆ ಸಹಿ, ಕೈಬರಹ ಗುರುತಿಸುವವರಿಂದ ರುಜುವಾತು ಮಾಡಬೇಕು. ಇಲ್ಲಿ ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಇದೆ. ಪತ್ರದ ಕೊನೆಗೆ "ಬಿಕ್ಕಲಂ" (ಪತ್ರ ಬರೆದವರು) ಅಂತ ಸಹಿ ಮಾಡಿದವರನ್ನೂ ಸಾಕ್ಷಿ ಅಂತ ಲೆಕ್ಕ ಹಿಡಿಯುತ್ತಾರೆ. ಪತ್ರ ಬರೆದ ಮಾತ್ರಕ್ಕೆ ಬರಹಗಾರರು ಸಾಕ್ಷಿ ಆಗುವುದಿಲ್ಲ. ಸಾಕ್ಷಿಯಾಗಿಯೇ ನೋಡಿ, ಸಾಕ್ಷಿಯಾಗಿಯೇ ಸಹಿ ಹಾಕಿರಬೇಕು.

ರಿಜಿಸ್ಟರ್ ಆಗಿದೆಯಲ್ಲ, ಇನ್ನೇನು? ಹಾಗಲ್ಲ. ಉಯಿಲಿಗೆ ರಿಜಿಸ್ಟ್ರೇಷನ್ ಕಡ್ಡಾಯವೇ ಅಲ್ಲ. ಸ್ಟಾಂಪ್ ಪೇಪರೂ ಬೇಕಿಲ್ಲ, ಬಿಳಿ ಹಾಳೆ ಸಾಕು. ಸಬ್ ರಿಜಿಸ್ಟ್ರಾರ್ ಆಫೀಸಿನ ಸೀಲು ಇದ್ದರೆ ಬಲ ಬರುವುದು ನಿಜ. ಆದರೆ ಸೀಲು ನೋಡಿ ಕೋರ್ಟು ಸಾಕ್ಷಿಯನ್ನು ಬಿಟ್ಟುಬಿಡುವುದಿಲ್ಲ.

ಈ ವಿಚಾರದಲ್ಲಿ ಇಡೀ ದೇಶದ ಕೋರ್ಟುಗಳು ಇವತ್ತಿಗೂ ಎತ್ತಿ ಹೇಳುವ ತೀರ್ಪು ನಮ್ಮ ಹಳೇ ಮೈಸೂರಿನ ಮನೆಯೊಂದರ ಜಗಳದಿಂದ ಹುಟ್ಟಿದ್ದು. ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಜಮ್ಮ ಪ್ರಕರಣ. ಮೈಸೂರು ಹೈಕೋರ್ಟಿನಿಂದ ಮೇಲ್ಮನವಿಯಾಗಿ ಹೋಗಿ 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಅವರ ವಾದದ ತಿರುಳು ಇದು: ಬೇರೆ ದಸ್ತಾವೇಜಿನ ಹಾಗೆಯೇ ಉಯಿಲನ್ನೂ ರುಜುವಾತು ಮಾಡಬೇಕು, ಆದರೆ ಬರೆದವರು ಈ ಲೋಕದಲ್ಲಿಲ್ಲ, ಹೌದು ಅಲ್ಲ ಅನ್ನಲು ಬರುವುದಿಲ್ಲ, ಹಾಗಾಗಿ ಕೋರ್ಟು ಗಂಭೀರವಾಗಿ ನೋಡಬೇಕು. ಸಹಿ ನಡುಗಿದೆಯೇ? ಬರೆಸಿದಾಗ ಬುದ್ಧಿ ಸ್ವಾಧೀನದಲ್ಲಿತ್ತೇ? ಆಸ್ತಿ ಪಡೆಯುವವರೇ ಮುಂದೆ ನಿಂತು ಬರೆಸಿದರೇ? ಇಂಥ ಅನುಮಾನಗಳಿದ್ದರೆ, ಉಯಿಲು ಹಿಡಿದು ಬಂದವರೇ ಅವನ್ನು ಕಳೆಯಬೇಕು. ಆ ಪ್ರಕರಣದಲ್ಲಿ ಕಳೆಯಲು ಆಗಲಿಲ್ಲ.

ಮಕ್ಕಳಿಗೆ ಕಡಿಮೆ ಕೊಟ್ಟರು ಅಂದ ಮಾತ್ರಕ್ಕೆ ಉಯಿಲು ಸುಳ್ಳಾಗುವುದಿಲ್ಲ. ಎಲ್ಲರಿಗೂ ಸಮ ಹೋಗಲಿ ಅಂತಿದ್ದರೆ ಉಯಿಲು ಬರೆಸುವ ಅಗತ್ಯವೇ ಇರಲಿಲ್ಲ ಅಲ್ವಾ? ಬೇರೆ ಅನುಮಾನಗಳ ಜೊತೆ ಸೇರಿದಾಗ ಮಾತ್ರ ಅದಕ್ಕೆ ತೂಕ ಬರುತ್ತದೆ.

ನಿಂಗೇಗೌಡರ ಉಯಿಲು ಈ ಬಾಗಿಲು ದಾಟಿತು ಅಂದುಕೊಳ್ಳಿ. ಈಗ ಓದುವ ಕೆಲಸ.

ಮೊದಲ ನಿಯಮವೇ ದೊಡ್ಡದು. ಕಾನೂನಿನ ಪದಗಳೇ ಬೇಕಿಲ್ಲ, ಬರೆಸಿದವರ ಇಚ್ಛೆ ಗೊತ್ತಾಗುವಂತಿದ್ದರೆ ಸಾಕು. 74ನೇ ಕಲಮು. ಓದುಬರಹ ಬಾರದವರ ಮಾತಿಗೂ ವಕೀಲರು ಬರೆದ ಭಾಷೆಗೂ ಒಂದೇ ಮರ್ಯಾದೆ. ಆದರೆ ಇಚ್ಛೆಯನ್ನು ಎಲ್ಲಿಂದ ತಿಳಿಯಬೇಕು? ಅವರು ಬರೆಸಿದ ಮಾತಿನಿಂದ. "ಅಪ್ಪ ನನ್ನ ಹತ್ರ ಹಾಗೆ ಹೇಳ್ತಿದ್ರು" ಅನ್ನುವ ಮಗನ ನೆನಪಿನಿಂದಲ್ಲ. "ಒಳ್ಳೇ ಅಪ್ಪ ಆಗಿದ್ದರೆ ಹೀಗೆ ಬರೀಬೇಕಿತ್ತು" ಅನ್ನುವ ನ್ಯಾಯಾಧೀಶರ ಊಹೆಯಿಂದಂತೂ ಅಲ್ಲ. ಹೊಸ ಉಯಿಲು ಬರೆದುಕೊಡುವುದು ಕೋರ್ಟಿನ ಕೆಲಸ ಅಲ್ಲ. ನ್ಯಾಯದ ಹೆಸರಿನಲ್ಲಿ ಸತ್ತವರ ಮಾತು ಬದಲಿಸಲು ಹೊರಟರೆ ಆಮೇಲೆ ಯಾರ ಉಯಿಲೂ ನಿಲ್ಲುವುದಿಲ್ಲ ಅಂತ ನನಗೂ ಅನ್ನಿಸುತ್ತದೆ.

ಹಾಗಂತ ಪದವನ್ನು ನಿಘಂಟಿನಲ್ಲಿ ಹುಡುಕಿ ಓದುವುದೂ ಅಲ್ಲ. ಬರೆಸಿದವರ ಆರಾಮ ಕುರ್ಚಿಯಲ್ಲಿ ಕೂತು ನೋಡಿ ಅನ್ನುವ ಮಾತು ಇಂಗ್ಲೆಂಡಿನ ಕೋರ್ಟಿನಿಂದ ಬಂದದ್ದು, ನಮ್ಮ ಸುಪ್ರೀಂ ಕೋರ್ಟೂ ಒಪ್ಪಿದೆ. ನಮ್ಮ ಲೆಕ್ಕದಲ್ಲಿ, ನಿಂಗೇಗೌಡರ ಜಗಲಿ ಮೇಲೆ ಕೂತು ನೋಡಬೇಕು. ಅವರಿಗೆ ಯಾವ ಆಸ್ತಿ ಇತ್ತು, ಮನೆಯಲ್ಲಿ ಯಾರಿದ್ದರು, ಊರಿನಲ್ಲಿ ಆ ಪದವನ್ನು ಯಾವ ಅರ್ಥದಲ್ಲಿ ಆಡುತ್ತಾರೆ. ಅವರ ಸುತ್ತಲಿನ ಸಂಗತಿ ತಿಳಿದುಕೊಂಡು ಹಾಳೆಗೆ ವಾಪಸ್ ಬರಬೇಕು.

ಈಗ ಸರ್ವೆ ನಂಬರ್. 112 ನಿಂಗೇಗೌಡರದ್ದಲ್ಲ, ಪಕ್ಕದವರದ್ದು. ಆದರೆ ಉಯಿಲಿನಲ್ಲಿ ಚಕ್ಕುಬಂದಿ ಇದೆ: ಪೂರ್ವಕ್ಕೆ ನಾಲೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಗದ್ದೆ, ದಕ್ಷಿಣಕ್ಕೆ ಇಂಥವರ ತೆಂಗಿನ ತೋಟ. ವಿಸ್ತೀರ್ಣವೂ ಸರಿ ಇದೆ. ನಂಬರ್ ಒಂದೇ ತಪ್ಪು. ಆಗ ತಪ್ಪಿದ ವಿವರವನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಹಿಡಿಯಿರಿ ಅನ್ನುತ್ತದೆ 78ನೇ ಕಲಮು. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ. ಇಂಥ ಊರಲ್ಲಿ, ಇಂಥವನ ಸ್ವಾಧೀನದಲ್ಲಿರುವ ನನ್ನ ಜವುಗು ಭೂಮಿ ಅಂತ ಒಬ್ಬ ಬರೆಸಿದ್ದಾನೆ. ಭೂಮಿ ಆ ಊರಲ್ಲಿದೆ, ಆದರೆ ಅವನ ಸ್ವಾಧೀನದಲ್ಲಿ ಯಾವುದೂ ಇಲ್ಲ. ಸ್ವಾಧೀನದ ಮಾತು ಬಿಟ್ಟುಬಿಡಿ, ಭೂಮಿ ಕೊಡಿ ಅನ್ನುತ್ತದೆ ಕಾನೂನು. ಜಮೀನು ಗುರುತಿಸಲು ನಂಬರಿಗಿಂತ ನಾಲ್ಕು ಎಲ್ಲೆ ಹೆಚ್ಚು ಉಪಯೋಗಕ್ಕೆ ಬರುವುದು ಇಂಥ ಕಡೆ. ಹಳೇ ಬರಹಗಾರರು ಚಕ್ಕುಬಂದಿಯನ್ನು ಅಷ್ಟು ಜತನದಿಂದ ಬರೆಯುತ್ತಿದ್ದದ್ದು ಸುಮ್ನೆ ಅಲ್ಲ.

ಒಂದು ಎಚ್ಚರ. ತಪ್ಪು ಕಂಡ ಕೂಡಲೇ ಪೆನ್ನು ತೆಗೆದುಕೊಂಡು 112ರ ಮೇಲೆ 121 ಅಂತ ತಿದ್ದಬೇಡಿ. ಸಹಿ ಆದ ಮೇಲೆ ಮಾಡಿದ ತಿದ್ದುಪಡಿಗೂ ಬರೆಸಿದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಅವರು ತೀರಿಕೊಂಡ ಮೇಲೆ ಮನೆಯವರು ತಿದ್ದಿದರೆ, ಕೋರ್ಟು ತಾನೇ ಮನ್ನಿಸಬಹುದಾಗಿದ್ದ ಕೈತಪ್ಪು ದೊಡ್ಡ ಅನುಮಾನವಾಗಿ ಕೂರುತ್ತದೆ.

ಗೊಂದಲದಲ್ಲೂ ಎರಡು ಜಾತಿ. "ನನ್ನ ಅಣ್ಣನ ಮಗ ಕೃಷ್ಣನಿಗೆ ಐದು ಗುಂಟೆ" ಅಂತ ಇದೆ ಅನ್ನಿ. ಓದಲು ಸ್ಪಷ್ಟ. ಊರಿಗೆ ಹೋಗಿ ನೋಡಿದರೆ ಇಬ್ಬರು ಅಣ್ಣಂದಿರಿಗೂ ಒಬ್ಬೊಬ್ಬ ಕೃಷ್ಣ. ಇಂಥ ಗೊಂದಲ ಬಿಡಿಸಲು ಹೊರಗಿನ ಸಾಕ್ಷ್ಯ ಕೊಡಬಹುದು. ಯಾವ ಕೃಷ್ಣ ಇವರ ಮನೆಯಲ್ಲಿ ಬೆಳೆದ, ಯಾರು ಆಸ್ಪತ್ರೆಯಲ್ಲಿ ಜೊತೆಗಿದ್ದ, ಎಲ್ಲ ಹೇಳಬಹುದು. ಆದರೆ "ನನ್ನ ಅಣ್ಣನ ಮಗನಿಗೆ ...... ರೂಪಾಯಿ" ಅಂತ ಜಾಗ ಖಾಲಿ ಬಿಟ್ಟಿದ್ದರೆ? ಕೊರತೆ ಹಾಳೆಯ ಮೇಲೇ ಕಾಣುತ್ತಿದೆ. ಆ ಖಾಲಿ ಜಾಗವನ್ನು ಸಾಕ್ಷಿಗಳ ಬಾಯಿಂದ ತುಂಬಿಸಲು ಕಾನೂನು ಬಿಡುವುದಿಲ್ಲ. ಬಿಟ್ಟರೆ ಸಾಕ್ಷಿ ಕಟ್ಟೆಯಲ್ಲಿ ಯಾರು ಏನು ಬೇಕಾದರೂ ಬರೆಸಿಬಿಡುತ್ತಾರೆ. ಷೆಡ್ಯೂಲಿನಲ್ಲಿ ಕಾಣಿಸಿದ ಸ್ವತ್ತು ಅಂತ ಬರೆದು ಷೆಡ್ಯೂಲೇ ಇಲ್ಲದಿದ್ದರೂ ಇದೇ ಪಾಡು. ಏನು ಕೊಟ್ಟರು ಅಂತ ಗೊತ್ತಾಗದ ಕೊಡುಗೆ ಬಿದ್ದುಹೋಗುತ್ತದೆ.

ಮನೆಯ ವಿಚಾರಕ್ಕೆ ಬನ್ನಿ. ಎರಡನೇ ಪುಟದಲ್ಲಿ ಶಿವಣ್ಣನಿಗೆ, ಕೊನೇ ಪುಟದಲ್ಲಿ ಮಾರಿ ಇಬ್ಬರಿಗೂ. ಕೋರ್ಟು ಮೊದಲು ಎರಡನ್ನೂ ಉಳಿಸಲು ನೋಡುತ್ತದೆ. ಉಯಿಲನ್ನು ಇಡಿಯಾಗಿ ಓದಬೇಕು, ಯಾವ ಮಾತನ್ನೂ ವ್ಯರ್ಥ ಮಾಡಬಾರದು ಅನ್ನುವುದು ನಿಯಮ. ಏನು ಮಾಡಿದರೂ ಎರಡೂ ಜೊತೆಗೆ ನಿಲ್ಲದಿದ್ದರೆ ಕೊನೇ ಮಾತು ಗೆಲ್ಲುತ್ತದೆ. 88ನೇ ಕಲಮು. ಅದರ ಕೆಳಗಿನ ಉದಾಹರಣೆ ನಮ್ಮ ಕೇಸಿನ ಹಾಗೇ ಇದೆ: ಮೊದಲು ಮನೆಯನ್ನು ಒಬ್ಬನಿಗೆ ಕೊಟ್ಟು, ಕೊನೆಗೆ ಆ ಮನೆ ಮಾರಿ ಹಣವನ್ನು ಇನ್ನೊಬ್ಬನಿಗಾಗಿ ಇಡಿ ಅಂದರೆ, ಕೊನೆಯದೇ ನಡೆಯುತ್ತದೆ. ಹಾಗಾಗಿ ಮಹೇಶನಿಗೆ ಅರ್ಧ ಹಣ.

ವಿಶೇಷ ಏನಂದರೆ, ಕ್ರಯಪತ್ರ, ದಾನಪತ್ರದಲ್ಲಿ ಇದು ತಲೆಕೆಳಗು. ಅಲ್ಲಿ ಮೊದಲ ಮಾತು ಗೆಲ್ಲುತ್ತದೆ. ಮೊದಲ ಸಾಲಿನಲ್ಲೇ ಕೊಟ್ಟುಬಿಟ್ಟ ಮೇಲೆ ಎರಡನೇ ಸಾಲಿನಲ್ಲಿ ಕೊಡಲು ಉಳಿದದ್ದೇನು? ಉಯಿಲು ಹಾಗಲ್ಲ. ಉಸಿರಿರುವ ತನಕ ಮನಸ್ಸು ಬದಲಿಸಬಹುದು, ಆದ್ದರಿಂದ ಕೊನೆಗೆ ಹೇಳಿದ್ದೇ ಕೊನೇ ಇಚ್ಛೆ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟು 1995ರ ಕೈವೇಲಿಕ್ಕಲ್ ಅಂಬುಂಞಿ ಪ್ರಕರಣದಲ್ಲಿ ಬಿಡಿಸಿ ಹೇಳಿದೆ.

ಇನ್ನು ಜಯಮ್ಮನವರ ಗದ್ದೆ. ಎಲ್ಲಕ್ಕಿಂತ ತೊಡಕಿನ ಗಂಟು ಇದೇ, ಇಲ್ಲೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

"ಅನುಭವಿಸಿಕೊಂಡು" ಅನ್ನುವ ಪದಕ್ಕೆ ತನ್ನಷ್ಟಕ್ಕೆ ಒಂದೇ ಅರ್ಥ ಇಲ್ಲ. ಹಿಂದೆ ಮುಂದೆ ಯಾವ ಪದ ಕೂತಿದೆ ನೋಡಬೇಕು. "ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು" ಅಂದಿದ್ದರೆ ಅದು ಪೂರಾ ಒಡೆತನ. ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಇಳಿಯುತ್ತದೆ. "ಸರ್ವ ಸ್ವತಂತ್ರವಾಗಿ", "ದಾನ ವಿಕ್ರಯಾದಿ ಹಕ್ಕುಗಳೊಂದಿಗೆ" ಅಂದಿದ್ದರೂ ಅಷ್ಟೇ. "ಜೀವಿತಾವಧಿಯವರೆಗೆ", "ಪರಭಾರೆ ಮಾಡುವ ಹಕ್ಕಿಲ್ಲದೆ", "ಆಕೆಯ ನಂತರ ಇಂಥವರಿಗೆ" ಅಂದಿದ್ದರೆ ಬೇರೆ: ಆಕೆ ಇರುವಷ್ಟು ದಿನ ಬೆಳೆ ಆಕೆಯದು, ನೆಲ ಮುಂದಿನವರದು. ನಿಂಗೇಗೌಡರ ಮಾತಿನಲ್ಲಿ "ಆಕೆಯ ನಂತರ" ಇದೆ. ಇಡಿಯಾಗಿ ಓದಿದರೆ ಜೀವಿತಾವಧಿಯ ಹಕ್ಕು ಅನ್ನುವ ಕಡೆಗೇ ತಕ್ಕಡಿ ವಾಲುತ್ತದೆ.

ಹೆಣ್ಣುಮಕ್ಕಳಿಗೆ ಬರೆದದ್ದೆಲ್ಲ ಅನುಭವಕ್ಕೆ ಮಾತ್ರ ಅನ್ನುವ ಹಳೇ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಕಾನೂನಿನಲ್ಲಿ ಇಲ್ಲ. ಸುಪ್ರೀಂ ಕೋರ್ಟು 1950ರಲ್ಲೇ, ರಾಮ್ ಗೋಪಾಲ್ ಮತ್ತು ನಂದ ಲಾಲ್ ಪ್ರಕರಣದಲ್ಲಿ, ಪಡೆದವಳು ಹೆಂಗಸು ಅನ್ನುವ ಕಾರಣಕ್ಕೆ ಹಕ್ಕನ್ನು ಮೊಟಕು ಮಾಡಿ ಓದಬಾರದು ಅಂದಿದೆ. ಹಾಳೆಯ ಮಾತೇ ಮೊಟಕು ಮಾಡಿರಬೇಕು.

ಮೊದಲು ಪೂರಾ ಕೊಟ್ಟು, ಆಮೇಲೆ "ಆಕೆಯ ನಂತರ ಗಂಡುಮಕ್ಕಳಿಗೆ" ಅಂದರೆ ಏನಾಗುತ್ತದೆ? ಇಲ್ಲಿ ಕೊನೇ ಮಾತು ಗೆಲ್ಲುತ್ತದೆ ಅನ್ನುವ ನಿಯಮ ಸಲೀಸಾಗಿ ನಡೆಯುವುದಿಲ್ಲ. ಪೂರಾ ಒಡೆತನ ಕೈಸೇರಿದ ಮೇಲೆ ಅದು ಮುಂದೆ ಯಾರಿಗೆ ಹೋಗಬೇಕು ಅನ್ನುವುದು ಒಡತಿಯ ಮಾತು. 2002ರ ಮೌಲೇಶ್ವರ್ ಮಣಿ ಪ್ರಕರಣದಲ್ಲಿ ಒಬ್ಬರು ಹೆಂಡತಿಗೆ ಸಂಪೂರ್ಣ ಹಕ್ಕು ಕೊಟ್ಟು, ಆಕೆಯ ನಂತರ ಹೆಣ್ಣುಮಕ್ಕಳ ಮಕ್ಕಳಿಗೆ ಅಂತ ಬರೆದಿದ್ದರು. ಎರಡನೇ ಮಾತು ನಿಲ್ಲಲಿಲ್ಲ. ಹಾಗಾಗಿ ವಕೀಲರು ಹೊಡೆದಾಡುವುದು ಒಂದೇ ಪ್ರಶ್ನೆಗೆ: ಮೊದಲ ಸಾಲು ಕೊಟ್ಟದ್ದು ಪೂರಾ ಹಕ್ಕೋ, ಎರಡೂ ಸಾಲು ಸೇರಿ ಕೊಟ್ಟದ್ದು ಜೀವಿತಾವಧಿಯ ಹಕ್ಕೋ?

ಇಷ್ಟಕ್ಕೇ ಮುಗಿಯುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು ಇನ್ನೊಂದು ಕಡೆಯಿಂದ ಬರುತ್ತದೆ. ಹಿಂದೂ ಹೆಣ್ಣುಮಗಳ ಕೈಯಲ್ಲಿರುವ ಆಸ್ತಿ ಪೂರಾ ಆಕೆಯದೇ ಅನ್ನುತ್ತದೆ ಅದರ ಮೊದಲ ಭಾಗ. ಉಯಿಲಿನಿಂದಲೇ ಮಿತಿಯ ಹಕ್ಕು ಹುಟ್ಟಿದ್ದರೆ ಮಿತಿ ಉಳಿಯುತ್ತದೆ ಅನ್ನುತ್ತದೆ ಎರಡನೇ ಭಾಗ. ಯಾವುದು ಯಾರಿಗೆ? ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅನ್ನ ಬಟ್ಟೆಯ ಹಕ್ಕು ಉಯಿಲಿಗೂ ಮೊದಲೇ ಇದೆ. ಆ ಹಕ್ಕಿನ ಬದಲಾಗಿ ಕೊಟ್ಟ ಆಸ್ತಿಯಾದರೆ, ಹಾಳೆಯಲ್ಲಿ ಮಿತಿ ಬರೆದಿದ್ದರೂ ಅದು ಪೂರಾ ಆಕೆಯದಾಗುತ್ತದೆ ಅಂತ 1977ರ ತುಳಸಮ್ಮ ಪ್ರಕರಣ ಹೇಳಿತು. ಆ ತೀರ್ಪು ಎಷ್ಟು ದೂರ ಹೋಗುತ್ತದೆ ಅನ್ನುವುದರಲ್ಲಿ ಮುಂದೆ ತೀರ್ಪುಗಳೇ ಬೇರೆ ಬೇರೆ ದಾರಿ ಹಿಡಿದವು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಇದನ್ನು ದೊಡ್ಡ ಪೀಠ ತೀರ್ಮಾನಿಸಲಿ ಅಂತ ಕಳಿಸಿತು. ಹಾಗಾಗಿ "ಉಯಿಲಲ್ಲಿ ಅನುಭವ ಅಂತ ಬರೆದಿದೆ, ಸಹಿ ಹಾಕಮ್ಮ" ಅಂತ ಮಕ್ಕಳು ಕಾಗದ ಚಾಚಿದರೆ ಜಯಮ್ಮನವರು ಅವಸರಕ್ಕೆ ಸಹಿ ಹಾಕಬಾರದು. ಜೀವಮಾನವಿಡೀ ಆ ಗದ್ದೆಯಲ್ಲಿ ನಾಟಿ ಮಾಡಿ, ಕಳೆ ಕಿತ್ತವರು ಅವರು. ಅವರ ಹಕ್ಕು ಬರೀ ಆ ಒಂದು ಸಾಲಿನಿಂದ ಹುಟ್ಟಿದ್ದಲ್ಲ.

ಬರೆಸಿದ ಮೇಲೆ ಕಾಲ ನಿಲ್ಲುವುದಿಲ್ಲವಲ್ಲ. ನಿಂಗೇಗೌಡರು ಬದುಕಿದ್ದಾಗಲೇ ಮೈಸೂರಿನ ಮನೆ ಮಾರಿಬಿಟ್ಟಿದ್ದರೆ ಆ ಕೊಡುಗೆ ಅಲ್ಲಿಗೆ ಮುಗಿಯಿತು, ಬದಲಿಗೆ ಇನ್ನೊಂದು ಮನೆ ಕೇಳುವಂತಿಲ್ಲ. ಮಹೇಶ ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದರೆ? ಬೇರೆಯವರಾಗಿದ್ದರೆ ಅವರ ಭಾಗ ಬಿದ್ದುಹೋಗುತ್ತಿತ್ತು. ಮಗನಾದ್ದರಿಂದ, ಅವನಿಗೆ ಮಕ್ಕಳಿದ್ದರೆ, ಅಪ್ಪ ಹೋದ ಮರುಕ್ಷಣ ಅವನು ಹೋದ ಎಂದು ಲೆಕ್ಕ ಹಿಡಿದು ಅವನ ಭಾಗವನ್ನು ಉಳಿಸುತ್ತದೆ 109ನೇ ಕಲಮು. ಉಯಿಲಿನಲ್ಲಿ ಬೇರೆ ಥರ ಹೇಳಿರದಿದ್ದರೆ ಮಾತ್ರ. ಎರಡು ಉಯಿಲು ಇದ್ದರೆ ಸರಿಯಾಗಿ ಬರೆದ ಕೊನೆಯದು ನಡೆಯುತ್ತದೆ.

ಇದೆಲ್ಲ ಹಿಂದೂ ಕುಟುಂಬದ ಉಯಿಲಿನ ಮಾತು. ಕ್ರೈಸ್ತರಿಗೂ ಇದೇ 1925ರ ಕಾಯ್ದೆ. ಮುಸ್ಲಿಮರ ವಸೀಯತ್ತಿಗೆ ಅವರದೇ ಕಾನೂನು, ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರ ಮೂರನೇ ಒಂದು ಭಾಗ ಮೀರಿದರೆ ವಾರಸುದಾರರ ಒಪ್ಪಿಗೆ ಬೇಕು.

ತಾಲ್ಲೂಕು ಆಫೀಸಿನಲ್ಲಿ ಖಾತೆ ಆಯಿತಲ್ಲ, ಗೆದ್ದೆವು ಅಂತ ಕೆಲವರು ಅಂದುಕೊಳ್ಳುತ್ತಾರೆ. ಖಾತೆ, ಪಹಣಿ ಕಂದಾಯದ ದಾಖಲೆ. ಒಡೆತನ ಅದರಿಂದ ಹುಟ್ಟುವುದಿಲ್ಲ. ಉಯಿಲಿನ ಮೇಲೆ ತಕರಾರು ಇದ್ದರೆ ತೀರ್ಮಾನ ಸಿವಿಲ್ ಕೋರ್ಟಿನದ್ದು.

ಉಳಿದವಳು ಸವಿತಾ. "ಮದುವೆ ಮಾಡಿ ಕೊಟ್ಟಿರುವುದರಿಂದ ಪಾಲು ಇರುವುದಿಲ್ಲ." ಈ ಸಾಲನ್ನು ಓದಿ ಎಷ್ಟು ಹೆಣ್ಣುಮಕ್ಕಳು ಸುಮ್ಮನಾಗಿದ್ದಾರೋ. ಅಪ್ಪನೇ ಬರೆದ ಮೇಲೆ ಮುಗೀತು ಅಂದುಕೊಳ್ಳುತ್ತಾರೆ. ಮೈಸೂರಿನ ಮನೆ ನಿಂಗೇಗೌಡರ ಸ್ವಯಾರ್ಜಿತವಾಗಿದ್ದರೆ ಆ ಸಾಲು ನಡೆಯುತ್ತದೆ, ಎಷ್ಟು ನೋವಾದರೂ. ಆದರೆ ಗದ್ದೆ? ಅದು ಅವರಿಗೆ ಅವರ ತಂದೆಯಿಂದ ಪಾಲಾಗಿ ಬಂದ ಪಿತ್ರಾರ್ಜಿತವಾಗಿದ್ದರೆ ನಿಂಗೇಗೌಡರು ಉಯಿಲಿನಲ್ಲಿ ಕೊಡಬಹುದಾದದ್ದು ತಮ್ಮ ಪಾಲನ್ನು ಮಾತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹುಟ್ಟಿನಿಂದ ಹಕ್ಕು. ಮದುವೆಯಾಗಿದ್ದರೂ ಸೈ. ಆ ವರ್ಷ ಅಪ್ಪ ಬದುಕಿರಲೇಬೇಕು ಅಂತಲೂ ಇಲ್ಲ ಅಂತ 2020ರ ವಿನೀತಾ ಶರ್ಮಾ ತೀರ್ಪು ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಭಾಗವಾಗಿ ಹೋಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ.

ಹಾಗಾಗಿ ಸವಿತಾ ಉಯಿಲು ಸುಳ್ಳು ಅಂತ ಅಣ್ಣಂದಿರ ಮೇಲೆ ಹರಿಹಾಯಬೇಕಿಲ್ಲ. ಉಯಿಲು ನಿಜವೇ ಇರಲಿ. ಅವಳು ಹುಡುಕಬೇಕಾದದ್ದು ಬೇರೆ ಕಾಗದ: ತಾತ ಮಕ್ಕಳಿಗೆ ಭಾಗ ಮಾಡಿಕೊಟ್ಟಾಗ ಬರೆಸಿದ ಪಾಲುಪಟ್ಟಿ. ರಿಜಿಸ್ಟರ್ ಆಗಿದ್ದರೆ ಅದರ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗುತ್ತದೆ. ಅದರಲ್ಲಿ ನಿಂಗೇಗೌಡರ ಹೆಸರಿನ ಎದುರು ಈ ಗದ್ದೆ, ಈ ನಾಲೆ, ಈ ಓಣಿ, ಇದೇ ಚಕ್ಕುಬಂದಿ ಇದ್ದರೆ, ಅವಳ ಕೇಸು ಅಲ್ಲಿಂದ ಶುರುವಾಗುತ್ತದೆ.